ಕೋಚ್ ಬದಲಾದರು, ಗೋಲಿನ ಲೆಕ್ಕ ಬದಲಾಗಲಿಲ್ಲ: ಖಾಲಿದ್ ಜಮೀಲ್ ನೇಮಕ ಮತ್ತು ಮಂಗಳೂರಿನ ಒಂದು ಫುಟ್ಬಾಲ್ ಗುಂಪು

2025ರ ಆಗಸ್ಟ್ 1ರಂದು ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ ಖಾಲಿದ್ ಜಮೀಲ್ ಅವರನ್ನು ಭಾರತ ಪುರುಷರ ತಂಡದ ಕೋಚ್ ಎಂದು ಘೋಷಿಸಿತು. 2012ರಲ್ಲಿ ಸಾವಿಯೊ ಮೆಡೀರಾ ಆ ಜಾಗ ಬಿಟ್ಟ ಮೇಲೆ ಬಂದವರೆಲ್ಲ ವಿದೇಶಿಯರೇ. ಹದಿಮೂರು ವರ್ಷಕ್ಕೆ ಮತ್ತೆ ಒಬ್ಬ ಭಾರತೀಯ. ಅಂದಿನಿಂದ ನವೆಂಬರ್ 18ರ ಢಾಕಾ ಪಂದ್ಯದವರೆಗೆ ನಮ್ಮ ಮಂಗಳೂರಿನ ಗುಂಪಿನಲ್ಲಿ ಈ ನೇಮಕದ ಬಗ್ಗೆ ಏನೇನು ಮಾತು ನಡೆಯಿತು, ಯಾರು ಯಾವಾಗ ತಿರುಗಿಬಿದ್ದರು, ಯಾಕೆ ತಿರುಗಿಬಿದ್ದರು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಒಂದೇ ಗುಂಪಿನ ಕಥೆ. ಆದರೆ ಕೊಚ್ಚಿಯಲ್ಲೋ ಕೋಲ್ಕತ್ತದಲ್ಲೋ ಕೂತವರಿಗೂ ಇದು ಹೊಸದು ಅನಿಸಲಿಕ್ಕಿಲ್ಲ.

ಗುಂಪು ಅಂದರೆ ದೊಡ್ಡ ಸಂಘ ಏನಲ್ಲ. ನೆಹರೂ ಮೈದಾನದಲ್ಲಿ ಸಂಜೆ ಆಡುವ ಹುಡುಗರು, ಮೊದಲು ಆಡಿ ಈಗ ಮೊಣಕಾಲು ನೋವಿನಿಂದ ಬದಿಯಲ್ಲಿ ನಿಂತು ಬೊಬ್ಬೆ ಹೊಡೆಯುವ ಹಿರಿಯರು, ಉಡುಪಿಯಿಂದ ಆಗಾಗ ಬರುವ ಒಬ್ಬ ಪಿಟಿ ಮಾಷ್ಟ್ರು. ಒಬ್ಬರ ಮನೆಮಾತು ಬ್ಯಾರಿ, ಒಬ್ಬರದು ತುಳು, ಇನ್ನೊಬ್ಬರದು ಕೊಂಕಣಿ. ಚರ್ಚೆಗೆ ಕೂತರೆ ಎಲ್ಲರೂ ಕನ್ನಡಕ್ಕೆ ಬರುತ್ತಾರೆ. ವಿಶ್ವಕಪ್ ಬಂದರೆ ಅರ್ಧ ಬ್ರೆಜಿಲ್, ಅರ್ಧ ಅರ್ಜೆಂಟೀನಾ. ದೇಶದ ದೊಡ್ಡ ಕ್ಲಬ್ ಲೀಗ್ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಬಂದರೆ ಬೆಂಗಳೂರು ಎಫ್‌ಸಿ, ಕೇರಳ ಬ್ಲಾಸ್ಟರ್ಸ್, ಎಫ್‌ಸಿ ಗೋವಾ ಅಂತ ಮೂರು ಪಾಲು. ಭಾರತ ಆಡುವಾಗ ಮಾತ್ರ ಎಲ್ಲರೂ ಒಂದೇ ಕಡೆ. ಹಾಗಾಗಿ ಸೋತಾಗ ಸಿಟ್ಟೂ ಜಾಸ್ತಿ.

ಅದಕ್ಕೆ ಮೊದಲು ಆದದ್ದು

ಸಿಟ್ಟಿಗೆ ಕಾರಣ ಇತ್ತು. 2024ರ ಜನವರಿಯ ಏಷ್ಯನ್ ಕಪ್‌ನಲ್ಲಿ ಭಾರತ ಮೂರೂ ಪಂದ್ಯ ಸೋತಿತು, ಒಂದು ಗೋಲೂ ಹೊಡೆಯಲಿಲ್ಲ. ಜೂನ್‌ನಲ್ಲಿ ಕೋಚ್ ಆಗಿದ್ದ ಕ್ರೊಯೇಷಿಯಾದ ಇಗೋರ್ ಸ್ಟಿಮಾಚ್ ಹೋದರು. ಜುಲೈಯಲ್ಲಿ ಸ್ಪೇನ್‌ನ ಮನೊಲೊ ಮಾರ್ಕೆಜ್ ಬಂದರು, ಅದೂ ಎಫ್‌ಸಿ ಗೋವಾದ ಕೆಲಸವನ್ನು ಜೊತೆಗೇ ಇಟ್ಟುಕೊಂಡು. 2025ರ ಜೂನ್ 10ರಂದು ಹಾಂಗ್‌ಕಾಂಗ್‌ನಲ್ಲಿ 0-1ರಿಂದ ಸೋತ ಮೇಲೆ, ಜುಲೈ ಮೊದಲ ವಾರದಲ್ಲಿ ಅವರೂ ಹೋದರು. ಆ ತಿಂಗಳು ಭಾರತದ ಫಿಫಾ ರ‍್ಯಾಂಕಿಂಗ್ 133.

ಆ ಜಾಗಕ್ಕೆ 170 ಅರ್ಜಿ ಬಂದವು. ನಡುವೆ ಒಂದು ದಿನ ಬಾರ್ಸಿಲೋನಾದ ಶಾವಿ ಕೂಡ ಅರ್ಜಿ ಹಾಕಿದ್ದಾರೆ ಅಂತ ಸುದ್ದಿ ಹಬ್ಬಿತು. ನಮ್ಮ ಹುಡುಗರು ಶಾವಿ ಬಂದರೆ ಯಾರನ್ನು ಎಲ್ಲಿ ಆಡಿಸುತ್ತಾರೆ ಅನ್ನುವಷ್ಟು ದೂರ ಹೋಗಿದ್ದರು. ಶಾವಿ ಮತ್ತು ಗ್ವಾರ್ಡಿಯೋಲಾ ಹೆಸರಿನಲ್ಲಿ ಬಂದ ಇಮೇಲ್‌ಗಳು ನಿಜವಾದದ್ದಲ್ಲ ಅಂತ ಆಮೇಲೆ ಫೆಡರೇಶನ್ನೇ ಹೇಳಬೇಕಾಯಿತು. ಇದು ಸಣ್ಣ ವಿಷಯ ಅನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ದೊಡ್ಡ ಹೆಸರು ಕೇಳಿ ಕುಣಿದಾಡಿದವರ ಮುಂದೆ ಆಮೇಲೆ ಯಾರ ಹೆಸರು ಬಂದರೂ ಸಪ್ಪೆಯೇ ಅಲ್ವಾ? ಕೊನೆಗೆ ಉಳಿದದ್ದು ಮೂರು ಹೆಸರು: ಹಿಂದೆ ಭಾರತದ ಕೋಚ್ ಆಗಿದ್ದ ಸ್ಟೀಫನ್ ಕಾನ್ಸ್ಟಂಟೈನ್, ಸ್ಲೊವಾಕಿಯಾದ ಸ್ಟೆಫಾನ್ ತಾರ್ಕೊವಿಚ್, ಖಾಲಿದ್ ಜಮೀಲ್.

ಮೊದಲ ವಾರದ ಮಾತು

ಟ್ರಾಲ್‌ಬೋಟುಗಳ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಹಾಗಾಗಿ ಘೋಷಣೆ ಬಂದ ಶುಕ್ರವಾರ ಬಂದರಿನ ಧಕ್ಕೆಯಲ್ಲಿ ಕೈಗೆ ಬಿಡುವಿರಲಿಲ್ಲ. ಮಂಜುಗಡ್ಡೆ, ಡೀಸೆಲ್, ಬಲೆ ಅಂತ ಓಡಾಟ. ಅಲ್ಲಿ ಬೋಟಿನ ಲೆಕ್ಕ ನೋಡುವ ಒಬ್ಬರು ನಮ್ಮ ಗುಂಪಿನ ಹಿರಿಯ. ನಾವೆಲ್ಲ ಕಾಕ ಅಂತಲೇ ಕರೆಯುವುದು. ಸಂಜೆ ಮೈದಾನದ ಹತ್ತಿರ ಚಾ ಕುಡಿಯುವಾಗ ಅವರು ಹೇಳಿದ್ದು ಇಷ್ಟೇ: "ಐಜಾಲ್‌ನಲ್ಲಿ ಅವ ಎಂತ ಮಾಡಿದ್ದು ಅಂತ ಗೊತ್ತುಂಟಾ ನಿಮಗೆ?"

ಹುಡುಗರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಮುಂಬೈ ಎಫ್‌ಸಿಯಲ್ಲಿ ಏಳು ವರ್ಷ ಇದ್ದು ಕೆಲಸ ಕಳೆದುಕೊಂಡ ಜಮೀಲ್, ಮಿಜೋರಾಂನ ಐಜಾಲ್ ಎಫ್‌ಸಿಗೆ ಹೋದರು. ಹಿಂದಿನ ಸೀಸನ್‌ನಲ್ಲಿ ಕೆಳಗಿನ ದರ್ಜೆಗೆ ಬಿದ್ದು, ಆಮೇಲೆ ಹೇಗೋ ವಾಪಸ್ ಜಾಗ ಪಡೆದ ತಂಡ ಅದು. ಅದನ್ನು ಕಟ್ಟಿಕೊಂಡು 2016-17ರಲ್ಲಿ ಆಗ ದೇಶದ ಮೇಲ್ದರ್ಜೆಯ ಲೀಗ್ ಆಗಿದ್ದ ಐ-ಲೀಗ್ ಗೆದ್ದರು. ಆಮೇಲೆ ನಾರ್ತ್‌ಈಸ್ಟ್ ಯುನೈಟೆಡ್‌ನಲ್ಲಿ ಐಎಸ್‌ಎಲ್‌ನ ಮೊದಲ ಭಾರತೀಯ ಪೂರ್ಣಾವಧಿ ಕೋಚ್ ಆದರು. ಕೊನೆಗೆ ಜಮ್ಷೆಡ್‌ಪುರವನ್ನು 2024-25ರ ಐಎಸ್‌ಎಲ್ ಸೆಮಿಫೈನಲ್‌ಗೂ ಸೂಪರ್ ಕಪ್ ಫೈನಲ್‌ಗೂ ತಂದರು. ದುಡ್ಡು ಕಡಿಮೆ ಇರುವ ತಂಡಗಳನ್ನು ಕಟ್ಟಿಯೇ ಅವರು ಹೆಸರು ಮಾಡಿದ್ದು. ಪತ್ರಿಕಾಗೋಷ್ಠಿಯಲ್ಲಿ ಮಾತು ತೀರಾ ಕಡಿಮೆ, ಕೆಲಸ ಮಾತ್ರ ಕಾಣುತ್ತದೆ.

ಅಂದು ಗುಂಪು ಒಡೆದದ್ದು ಭಾರತೀಯನೋ ವಿದೇಶಿಯೋ ಅನ್ನುವ ಪ್ರಶ್ನೆಯಲ್ಲಿ. ಮಳೆಗಾಲದ ಕೆಸರಿನಲ್ಲಿ, ಹರಿದ ನೆಟ್ಟಿನ ಮುಂದೆ, ಸಂಬಳ ಇಲ್ಲದ ಕೋಚ್‌ಗಳ ಕೈಕೆಳಗೆ ಆಡಿದವರು ಜಮೀಲ್ ಪರ. ಶನಿವಾರ ರಾತ್ರಿ ಪ್ರೀಮಿಯರ್ ಲೀಗ್ ನೋಡಿಯೇ ಆಟ ಕಲಿತವರು ವಿರುದ್ಧ. ಉಳ್ಳಾಲದ ಒಬ್ಬ ಕಾಲೇಜು ಹುಡುಗನ ಮಾತು ನೆನಪಿದೆ: "ಕಾಕ, ಬ್ರೆಜಿಲ್‌ನವರೇ ಇಟಲಿಯಿಂದ ಆಂಚೆಲೊಟ್ಟಿಯನ್ನು ತಂದಿದ್ದಾರೆ. ಇಂಗ್ಲೆಂಡ್‌ಗೆ ಜರ್ಮನಿಯ ಟುಖೆಲ್. ಅಷ್ಟು ದೊಡ್ಡವರಿಗೇ ಹೊರಗಿನವ ಬೇಕಾದರೆ ನಮಗೆ ಬೇಡವಾ?" ಪ್ರಶ್ನೆ ನ್ಯಾಯವಾದದ್ದೇ. ಕಾಕ ಸಿಟ್ಟಾಗಲಿಲ್ಲ. "ಅವರಿಗೆ ಆಡುವವರು ಇದ್ದಾರೆ ಮಾರಾಯ, ಆಡಿಸುವವ ಸಾಕು" ಅಂದರು. ಈ ಉತ್ತರದ ತೂಕ ನವೆಂಬರ್‌ನಲ್ಲಿ ಗೊತ್ತಾಯಿತು.

ಇನ್ನೊಬ್ಬರು ವೆಲೆನ್ಸಿಯಾದ ಅಂಕಲ್. ನೆಂಟರೆಲ್ಲ ಗೋವಾದಲ್ಲಿ, ತಂಡ ಎಫ್‌ಸಿ ಗೋವಾ. ಮಾರ್ಕೆಜ್ ಹೋದದ್ದು ಅವರಿಗೆ ನುಂಗಲಾರದ ತುತ್ತು. ಮೇ 3ರಂದು ಭುವನೇಶ್ವರದಲ್ಲಿ ಸೂಪರ್ ಕಪ್ ಫೈನಲ್ ನಡೆದಿತ್ತು. ಮಾರ್ಕೆಜ್‌ರ ಗೋವಾ ಜಮೀಲ್‌ರ ಜಮ್ಷೆಡ್‌ಪುರವನ್ನು 3-0ಗೆ ಸೋಲಿಸಿತ್ತು. "ಸೋತವನನ್ನು ತಂದು ಗೆದ್ದವನ ಕುರ್ಚಿಯಲ್ಲಿ ಕೂರಿಸಿದ್ದಾರೆ" ಅಂತ ಅಂಕಲ್ ವಾರವಿಡೀ ಹೇಳಿಕೊಂಡು ತಿರುಗಿದರು.

ಹೆಸರು ನೋಡಿ ಖುಷಿಪಟ್ಟವರೂ ಇದ್ದರು, ಹೆಸರು ನೋಡಿ ಮುಖ ಸಿಂಡರಿಸಿದವರೂ ಇದ್ದರು. ನಮ್ಮ ಊರಲ್ಲಿ ಇದು ಬರದೇ ಇರುವುದಿಲ್ಲ, ಮುಚ್ಚಿಡುವುದರಲ್ಲಿ ಅರ್ಥವೂ ಇಲ್ಲ. ಅದನ್ನು ನಿಲ್ಲಿಸಿದ್ದು ಪಿಟಿ ಮಾಷ್ಟ್ರು. 1951ರಲ್ಲಿ ದೆಹಲಿಯಲ್ಲಿ, 1962ರಲ್ಲಿ ಜಕಾರ್ತಾದಲ್ಲಿ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, ಮೂರೂ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಕೋಚ್ ಆಗಿದ್ದಾಗ ಬಂದದ್ದು ಅಂತ ಹೇಳಿ, ಮುಂದಿನ ಮಾತು ಆಟದ ಬಗ್ಗೆ ಇದ್ದರೆ ಮಾತ್ರ ಆಡಿ ಅಂದರು. ಅಲ್ಲಿಗೆ ಅದು ಮುಗಿಯಿತು.

ಜಮೀಲ್ ಹುಟ್ಟಿದ್ದು ಕುವೈಟ್‌ನಲ್ಲಿ ಅನ್ನುವುದು ಮಾತ್ರ ಎಲ್ಲರಿಗೂ ಹತ್ತಿರ ಅನಿಸಿತು. ಕರಾವಳಿಯಲ್ಲಿ ಯಾವ ಓಣಿಗೆ ಹೋದರೂ ಗಲ್ಫಿನಲ್ಲಿ ದುಡಿದ ಒಬ್ಬರಾದರೂ ಸಿಗುತ್ತಾರೆ.

ಹಿಸೋರ್‌ನಿಂದ ಫತೋರ್ಡಾಕ್ಕೆ

ಆಗಸ್ಟ್ 29, ಚೌತಿಯ ವಾರ. ತಜಿಕಿಸ್ತಾನದ ಹಿಸೋರ್‌ನಲ್ಲಿ, ಮಧ್ಯ ಏಷ್ಯಾ ಫುಟ್ಬಾಲ್ ಸಂಸ್ಥೆಯ ಕಾಫಾ ನೇಷನ್ಸ್ ಕಪ್‌ನ ಮೊದಲ ಪಂದ್ಯ, ಎದುರಾಳಿ ತಜಿಕಿಸ್ತಾನವೇ. ಮೋಹನ್ ಬಾಗಾನ್ ತನ್ನ ಆಟಗಾರರನ್ನು ಶಿಬಿರಕ್ಕೆ ಬಿಟ್ಟಿರಲಿಲ್ಲ. ಸುನಿಲ್ ಛೆಟ್ರಿಯನ್ನು ಜಮೀಲ್ ಈ ಟೂರ್ನಿಗೆ ಕರೆದಿರಲಿಲ್ಲ. ಶಿಬಿರ ನಡೆದದ್ದು ಎರಡು ವಾರಕ್ಕಿಂತ ಕಡಿಮೆ.

ಐದನೇ ನಿಮಿಷಕ್ಕೆ ಗೋಲು. ಕೇರಳದ ಮೊಹಮ್ಮದ್ ಉವೈಸ್ ಲೈನಿನ ಹೊರಗಿಂದ ಉದ್ದದ ತ್ರೋ ಹಾಕಿದ, ಅನ್ವರ್ ಅಲಿ ತಲೆ ಕೊಟ್ಟರು. ಜಮ್ಷೆಡ್‌ಪುರದಲ್ಲಿ ಜಮೀಲ್ ಕೈಯಲ್ಲೇ ಆಡಿದ ಹುಡುಗ ಈ ಉವೈಸ್. ಫೋನಿನ ಸಣ್ಣ ಸ್ಕ್ರೀನಿನ ಸುತ್ತ ಕೂತಿದ್ದ ನಮಗೆಲ್ಲ ಕೂಡಲೇ ಅರ್ಥವಾಯಿತು. ಇದು ಅದೃಷ್ಟದ ಗೋಲು ಆಗಿರಲಿಲ್ಲ. ಚೆಂಡು ಬಾಕ್ಸಿನೊಳಗೆ ಬೀಳುವಾಗ ಯಾರು ಎಲ್ಲಿರಬೇಕು ಅಂತ ಮೊದಲೇ ಹೇಳಿಕೊಟ್ಟು ಹೊಡೆಸಿದ ಗೋಲು. ಕಾಸರಗೋಡು ಕಡೆಯ ಸೆವೆನ್ಸ್ (ಏಳೇಳು ಜನ ಆಡುವ ಫುಟ್ಬಾಲ್) ನೋಡಿದವರಿಗೆ ಒಂದು ಒಳ್ಳೆಯ ತ್ರೋ ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಹೇಳಿಕೊಡಬೇಕಾಗಿಲ್ಲ. ಹದಿಮೂರನೇ ನಿಮಿಷಕ್ಕೆ ಸಂದೇಶ್ ಜಿಂಗನ್ ಎರಡನೆಯದು. ಆಮೇಲೆ ತಜಿಕಿಸ್ತಾನ ಒಂದು ವಾಪಸ್ ಕೊಟ್ಟಿತು, ಗೋಲ್‌ಕೀಪರ್ ಗುರ್‌ಪ್ರೀತ್ ಒಂದು ಪೆನಾಲ್ಟಿ ತಡೆದರು, 2-1. ಉಳ್ಳಾಲದ ಹುಡುಗ ಅಂದು ರಾತ್ರಿಯೇ ಪಕ್ಷ ಬದಲಿಸಿದ.

ಇರಾನ್ ವಿರುದ್ಧ 0-3, ಅಫ್ಘಾನಿಸ್ತಾನದ ಜೊತೆ 0-0. ಸೆಪ್ಟೆಂಬರ್ 8ರಂದು ಮೂರನೇ ಸ್ಥಾನಕ್ಕೆ ಒಮಾನ್ ಎದುರು. ಅಂದು ಕರಾವಳಿ ಕ್ರೈಸ್ತರ ತೆನೆ ಹಬ್ಬ ಮೊಂತಿ ಫೆಸ್ತ್, ವೆಲೆನ್ಸಿಯಾದ ಅಂಕಲ್ ಮನೆಯಲ್ಲಿ ಹೊಸ ಅಕ್ಕಿಯ ಊಟ, ನಮ್ಮಲ್ಲಿ ಕೆಲವರನ್ನು ಕರೆದಿದ್ದರು. ಉದಾಂತ ಸಿಂಗ್ 80ನೇ ನಿಮಿಷದಲ್ಲಿ ಸಮ ಮಾಡಿದಾಗ ಅಂಕಲ್ ಏನೂ ಮಾತಾಡಲಿಲ್ಲ. ಪೆನಾಲ್ಟಿಯಲ್ಲಿ ಗುರ್‌ಪ್ರೀತ್ ಕೊನೆಯ ಹೊಡೆತ ತಡೆದು 3-2 ಆದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಒಳ್ಳೆಯದನ್ನು ಒಳ್ಳೆಯದು ಅಂತ ಹೇಳ್ಬೇಕಲ್ಲ" ಅಂದರು. ಆ ವಾರ ಗುಂಪಿನಲ್ಲಿ ಜಮೀಲ್ ವಿರೋಧಿ ಒಬ್ಬರೂ ಇರಲಿಲ್ಲ.

ಅಕ್ಟೋಬರ್ 9ರಂದು ಸಿಂಗಾಪುರದಲ್ಲಿ ಏಷ್ಯನ್ ಕಪ್ ಅರ್ಹತಾ ಪಂದ್ಯ. ಜಿಂಗನ್ ರೆಡ್ ಕಾರ್ಡ್ ಪಡೆದು ಹೊರಗೆ. ಹತ್ತು ಜನರಲ್ಲೇ ಆಡಿ, ಕೊನೆಯ ಗಳಿಗೆಯಲ್ಲಿ ರಹೀಂ ಅಲಿ ಹೊಡೆದ ಗೋಲಿನಿಂದ 1-1. ಐದು ದಿನ ಬಿಟ್ಟು ಅದೇ ತಂಡದ ಎದುರು ಮಡಗಾಂವಿನ ಫತೋರ್ಡಾ ಮೈದಾನದಲ್ಲಿ, ಗೆಲ್ಲಲೇಬೇಕಾದ ಪಂದ್ಯ. ಮಂಗಳೂರಿಗೆ ಇಷ್ಟು ಹತ್ತಿರ ಭಾರತ ತಂಡ ಬರುವುದೇ ಅಪರೂಪ. ಬೆಳಿಗ್ಗೆ ವಂದೇ ಭಾರತ್ ಹತ್ತಿ ನಾವು ಕೆಲವರು ಹೋದೆವು.

ಅಲ್ಲಿ ಕೂತು ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಆಮೇಲಿನ ಜಗಳ ಪೂರ್ತಿ ಇದರ ಮೇಲೆಯೇ. ಹದಿನಾಲ್ಕನೇ ನಿಮಿಷದಲ್ಲಿ ಛಾಂಗ್ಟೆ ದೂರದಿಂದ ಹೊಡೆದ ಗೋಲು ಅದ್ಭುತ. ಅದರ ನಂತರ ತಂಡ ಹಿಂದೆ ಸರಿಯಿತು. ಒಮ್ಮೆಲೇ ಏನಲ್ಲ, ಪ್ರತಿ ಸಲ ಚೆಂಡು ಕಳೆದುಕೊಂಡಾಗಲೂ ನಾಲ್ಕು ಹೆಜ್ಜೆ, ನಾಲ್ಕು ಹೆಜ್ಜೆ. ಡಿಫೆಂಡರ್‌ಗಳು ಬಾಕ್ಸಿನ ಹತ್ತಿರ, ಮಿಡ್‌ಫೀಲ್ಡ್ ಅವರ ಮುಂದೆ, ಮುಂದಿನ ಒಬ್ಬ ಒಂಟಿ. ಟಿವಿಯಲ್ಲಿ ಚೆಂಡು ಇರುವ ಕಡೆ ಮಾತ್ರ ಕಾಣುತ್ತದೆ. ಮೇಲಿನ ಸ್ಟ್ಯಾಂಡಿನಲ್ಲಿ ಕೂತರೆ ಮಧ್ಯದ ಖಾಲಿ ಜಾಗ ಕಾಣುತ್ತದೆ. ಆ ಜಾಗದಲ್ಲಿ ಸಿಂಗಾಪುರದವರು ಆರಾಮಾಗಿ ತಿರುಗಿ ಪಾಸ್ ಕೊಡುತ್ತಿದ್ದರು. ವಿರಾಮಕ್ಕೆ ಸ್ವಲ್ಪ ಮೊದಲು ಸಾಂಗ್ ಉಯಿ-ಯಂಗ್ ಒಂದು ಹೊಡೆದರು, ವಿರಾಮದ ನಂತರ ಅವರದೇ ಇನ್ನೊಂದು. 1-2. ಭಾರತದ ಏಷ್ಯನ್ ಕಪ್ ದಾರಿ ಅಲ್ಲೇ ಮುಚ್ಚಿತು. ನಮ್ಮ ಪಕ್ಕದ ಸಾಲಿನಲ್ಲಿ ಒಬ್ಬರು ಜಮೀಲ್ ರಾಜೀನಾಮೆ ಕೊಡಲಿ ಅಂತ ಕೂಗುತ್ತಿದ್ದರು. ಹುದ್ದೆಗೆ ಬಂದು ಮೂರು ತಿಂಗಳೂ ಆಗಿರಲಿಲ್ಲ.

ನವೆಂಬರ್ 18ರ ಢಾಕಾ ಬಗ್ಗೆ ಹೆಚ್ಚು ಹೇಳುವುದು ಬೇಡ. 0-1. ಬಾಂಗ್ಲಾದೇಶದ ಎದುರು 22 ವರ್ಷಗಳಲ್ಲಿ ಮೊದಲ ಸೋಲು. ರ‍್ಯಾಂಕಿಂಗ್ 142ಕ್ಕೆ ಇಳಿಯಿತು.

ಒಂದು ಹಾಳೆ

ಢಾಕಾ ಸೋಲಿನ ಮರುದಿನ ಮೈದಾನದ ಬದಿಯಲ್ಲಿ ದೊಡ್ಡ ಜಗಳ. "ಮಾರ್ಕೆಜ್ ಇದ್ದಿದ್ದರೆ ಹೀಗಾಗುತ್ತಿತ್ತಾ?" ಅಂತ ಅಂಕಲ್. "ಮಾರ್ಕೆಜ್ ಇದ್ದಾಗ ಎಂತ ಆಗಿತ್ತು ಹೇಳಿ ನೋಡುವ" ಅಂತ ಕಾಕ. ಆಗ ಪಿಟಿ ಮಾಷ್ಟ್ರು ಹಾಜರಿ ಪುಸ್ತಕದ ಹಿಂದಿನ ಹಾಳೆ ತೆಗೆದು ನಡುವೆ ಗೆರೆ ಎಳೆದರು. ಎಡಕ್ಕೆ ಮಾರ್ಕೆಜ್, ಬಲಕ್ಕೆ ಜಮೀಲ್. ಎಲ್ಲರೂ ನೆನಪಿಂದ ಒಂದೊಂದು ಪಂದ್ಯ ಹೇಳುತ್ತಾ ಹೋದರು, ಹುಡುಗರು ಫೋನಿನಲ್ಲಿ ತಾಳೆ ನೋಡಿದರು.

ಮಾರ್ಕೆಜ್: ಎಂಟು ಪಂದ್ಯ. ಮಾರಿಷಸ್ 0-0, ಸಿರಿಯಾ 0-3, ವಿಯೆಟ್ನಾಂ 1-1, ಮಲೇಷ್ಯಾ 1-1, ಮಾಲ್ಡೀವ್ಸ್ 3-0, ಬಾಂಗ್ಲಾದೇಶ 0-0, ಥಾಯ್ಲೆಂಡ್ 0-2, ಹಾಂಗ್‌ಕಾಂಗ್ 0-1. ಗೆದ್ದದ್ದು ಒಂದು, ಡ್ರಾ ನಾಲ್ಕು, ಸೋಲು ಮೂರು.

ಜಮೀಲ್: ಏಳು ಪಂದ್ಯ. ಒಮಾನ್ ಪಂದ್ಯ ಪೆನಾಲ್ಟಿಗೆ ಹೋದ ಕಾರಣ ಡ್ರಾ ಅಂತ ಹಿಡಿದರೆ, ಗೆಲುವು ಒಂದು, ಡ್ರಾ ಮೂರು, ಸೋಲು ಮೂರು.

ಇಷ್ಟಕ್ಕೇ ಎಲ್ಲರೂ ಸುಮ್ಮನಾದರು. ಮಾಷ್ಟ್ರು ಬಿಡಲಿಲ್ಲ. ಈಗ ಗೋಲು ಬರೆಯುವ ಅಂದರು. ಮಾರ್ಕೆಜ್ ಕಾಲದಲ್ಲಿ ಭಾರತ ಹೊಡೆದದ್ದು ಐದು: ರಾಹುಲ್ ಭೇಕೆ ಎರಡು, ಫಾರೂಖ್ ಚೌಧರಿ, ಲಿಸ್ಟನ್ ಕೊಲಾಸೊ, ಛೆಟ್ರಿ ಒಂದೊಂದು. ಜಮೀಲ್ ಕಾಲದಲ್ಲಿ ಹೊಡೆದದ್ದೂ ಐದೇ: ಅನ್ವರ್ ಅಲಿ, ಜಿಂಗನ್, ಉದಾಂತ, ರಹೀಂ ಅಲಿ, ಛಾಂಗ್ಟೆ. ಎರಡೂ ಕಡೆ ಐದರಲ್ಲಿ ಎರಡು ಗೋಲು ಡಿಫೆಂಡರ್‌ಗಳದ್ದು.

ಸ್ಪೇನ್‌ನವರು, ಚೆಂಡನ್ನು ಕಾಲಲ್ಲಿಟ್ಟುಕೊಂಡು ಆಡಿಸುವವರು ಒಂದು ಕಡೆ. ಹಿಂದೆ ಗಟ್ಟಿ ನಿಂತು, ತ್ರೋ ಮತ್ತು ಸೆಟ್ ಪೀಸ್‌ನಲ್ಲಿ (ಫ್ರೀಕಿಕ್, ಕಾರ್ನರ್) ಹೊಡೆಸುವವರು ಇನ್ನೊಂದು ಕಡೆ. ಇಬ್ಬರ ಆಟಕ್ಕೆ ಅಜಗಜಾಂತರ. ಬಂದ ಗೋಲಿನ ಲೆಕ್ಕ ಮಾತ್ರ ಒಂದೇ. ನನ್ನ ಪ್ರಕಾರ ಈ ಪ್ರಕರಣದಲ್ಲಿ ನೋಡಬೇಕಾದದ್ದು ಈ ಹಾಳೆಯೇ. ಆಗಸ್ಟ್‌ನಿಂದ ನಾವು ಭಾರತೀಯನೋ ವಿದೇಶಿಯೋ ಅಂತ ಜಗಳ ಆಡಿದ್ದೆವು. ಕೋಚ್ ಯಾರೇ ಆದರೂ ಆಡಿಸಲಿಕ್ಕೆ ಸಿಕ್ಕಿದ್ದು ಅದೇ ಆಟಗಾರರು.

ಅಳತೆಕೋಲಿನ ವಿಷಯವೂ ಇದೆ, ಇದರಲ್ಲಿ ನನಗೆ ನಿಜಕ್ಕೂ ಬೇಸರ. 2019ರಲ್ಲಿ ಸ್ಟಿಮಾಚ್ ಬಂದಾಗ ವಿಶ್ವಕಪ್ ಅರ್ಹತಾ ಸುತ್ತಿನ ಮೊದಲ ಐದು ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ. ದೋಹಾದಲ್ಲಿ ಕತಾರ್ ವಿರುದ್ಧ 0-0 ಮಾಡಿದ್ದು ದೊಡ್ಡ ಸಾಧನೆ, ಸರಿ. ಆದರೆ ಕೋಲ್ಕತ್ತದಲ್ಲಿ ಬಾಂಗ್ಲಾದೇಶದ ಜೊತೆ 1-1, ಅದೂ ಕೊನೆಯಲ್ಲಿ ಆದಿಲ್ ಖಾನ್ ಉಳಿಸಿದ್ದು. 2021ರಲ್ಲಿ ದುಬೈಯಲ್ಲಿ ಯುಎಇ ಎದುರು 0-6. ಆಗ ಇದೇ ಮೈದಾನದ ಬದಿಯಲ್ಲಿ "ಹೊಸ ಶೈಲಿ ಕಟ್ಟುತ್ತಿದ್ದಾರೆ, ಟೈಮ್ ಕೊಡಿ" ಅನ್ನುವ ಮಾತು ಇತ್ತು. ಟೈಮ್ ಸಿಕ್ಕಿತು, ಐದು ವರ್ಷ. 2023ರಲ್ಲಿ ಬೆಂಗಳೂರಿನ ಕಂಠೀರವದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಬಂದದ್ದು ಆ ತಾಳ್ಮೆಯಿಂದಲೇ. ಜಮೀಲ್‌ಗೆ ಯಾಕೆ ಮೂರು ತಿಂಗಳು? ಉಳ್ಳಾಲದ ಹುಡುಗನನ್ನು ಇದನ್ನೇ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: "ಅವರು ನಮ್ಮವರೇ ಅಲ್ವಾ ಅಣ್ಣ, ಬೈಯ್ಯಲಿಕ್ಕೆ ಹೆದರಿಕೆ ಇಲ್ಲ." ಇಡೀ ಪ್ರಕರಣದಲ್ಲಿ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ಉತ್ತರ ಇದು.

ಇಷ್ಟು ಹೇಳಿದ ಮೇಲೆ ಫತೋರ್ಡಾವನ್ನು ಮರೆಸಬಾರದು. ಒಂದು ಗೋಲು ಮುಂದಿದ್ದಾಗ, ಮನೆಯಂಗಳದಲ್ಲಿ, ಅಷ್ಟು ಹಿಂದೆ ಸರಿದದ್ದು ಕೋಚ್ ಉತ್ತರ ಕೊಡಬೇಕಾದ ವಿಷಯ. ಜಿಂಗನ್ ಇರಲಿಲ್ಲ ನಿಜ. ಐಎಸ್‌ಎಲ್ ಹಕ್ಕುಗಳ ಒಪ್ಪಂದ ಇತ್ಯರ್ಥವಾಗದೆ ಲೀಗೇ ಶುರುವಾಗಿರಲಿಲ್ಲ, ಆಟಗಾರರಿಗೆ ಪಂದ್ಯಗಳ ಅಭ್ಯಾಸ ಇರಲಿಲ್ಲ, ಅದೂ ನಿಜ. ಎಪ್ಪತ್ತು ನಿಮಿಷ ಓಡಿದವನ ಕಾಲು ಸೋಲುವುದು ಬೇರೆ, ಇಪ್ಪತ್ತನೇ ನಿಮಿಷದಿಂದಲೇ ಹಿಂದೆ ಹೋಗುವುದು ಬೇರೆ. ಇಲ್ಲಿ ಅಂಕಲ್ ಹೇಳಿದ್ದು ಸರಿ, ಅವರು ಹೇಳುವ ರೀತಿ ಮಾತ್ರ ಕಟು.

ಹಾಳೆ ತುಂಬಿದ ಮೇಲೆ ಮಾತು ತಾನಾಗಿ ಫಾರ್ವರ್ಡ್‌ಗಳ ಕಡೆ ಹೋಯಿತು. ನಲವತ್ತೊಂದರ ಛೆಟ್ರಿಯನ್ನು ಅಕ್ಟೋಬರ್‌ನಲ್ಲಿ ಮತ್ತೆ ಕರೆಯಬೇಕಾದದ್ದು ಯಾಕೆ? 2014ರಲ್ಲಿ ಐಎಸ್‌ಎಲ್ ಶುರುವಾದಂದಿನಿಂದ 2024-25ರವರೆಗೆ ಅಲ್ಲಿ ಅತಿ ಹೆಚ್ಚು ಗೋಲು ಹೊಡೆದವನಿಗೆ ಕೊಡುವ ಗೋಲ್ಡನ್ ಬೂಟ್ ಒಬ್ಬ ಭಾರತೀಯನಿಗೂ ಸಿಕ್ಕಿಲ್ಲ. 2024-25ರಲ್ಲಿ ಭಾರತೀಯರಲ್ಲಿ ಹೆಚ್ಚು ಗೋಲು ಹೊಡೆದದ್ದು ಮತ್ತೆ ಛೆಟ್ರಿಯೇ, 14. ಕ್ಲಬ್‌ಗಳು ದುಡ್ಡು ಕೊಟ್ಟು ತರುವ ವಿದೇಶಿಯನ್ನು ಎಲ್ಲಿ ನಿಲ್ಲಿಸುತ್ತವೆ? ಗೋಲಿನ ಮುಂದೆ. ನಮ್ಮ ಹುಡುಗ ಬದಿಗೆ, ಇಲ್ಲವೇ ಬೆಂಚಿಗೆ.

ಆಗ ಮಾಷ್ಟ್ರು ಹೇಳಿದ ಮಾತು ಎಲ್ಲರಿಗೂ ಚುಚ್ಚಿತು. ನಮ್ಮ ಕರಾವಳಿಯ ಸೆವೆನ್ಸ್ ಟೂರ್ನಿಯಲ್ಲೂ ಹೊರಗಿನಿಂದ ದುಡ್ಡು ಕೊಟ್ಟು ಕರೆಸಿದವನಿಗೆ ಫಾರ್ವರ್ಡ್ ಜಾಗ, ಊರಿನ ಹುಡುಗ ಬ್ಯಾಕ್. ಇಲ್ಲಿ ನಾವೇ ಹಾಗೆ ಮಾಡಿ ಅಲ್ಲಿ ಜಮೀಲ್ ಗೋಲು ಹೊಡೆಸಲಿಲ್ಲ ಅಂತ ಬೈದರೆ ಹೇಗೆ ಅಂತ ಕೇಳಿದರು. ಮುಂದಿನ ಟೂರ್ನಿಗೆ ನಮ್ಮ ತಂಡದ ಮುಂದಿನ ಎರಡು ಜಾಗ ಊರಿನ ಹುಡುಗರಿಗೇ ಅಂತ ಮಾಷ್ಟ್ರ ಪಟ್ಟು. ಅಂಕಲ್ ಒಪ್ಪಿದ್ದಾರೆ. ಜಮೀಲ್ ಪರ ಅಷ್ಟು ವಾದ ಮಾಡಿದ ಕಾಕ ಇನ್ನೂ ಒಪ್ಪಿಲ್ಲ. ಟ್ರೋಫಿ ಬೇಡವಾ ನಿಮಗೆ ಅಂತ ಅವರು ಕೇಳುತ್ತಿದ್ದಾರೆ, ಬರುವ ಭಾನುವಾರ ಮತ್ತೆ ಕೂತು ತೀರ್ಮಾನ ಮಾಡಬೇಕು.